ಟಿಟಿಯೊಳಗೆ ಹಿಮಾಚಲದ ಚಳಿಗಾಲ: ಹೀಟರ್ ಕೊಳ್ಳುವ ಮೊದಲು ಓದಿ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಸ್ಪಿತಿ ಕಣಿವೆಯ ಕಾಜಾದಲ್ಲಿ ಜನವರಿಯ ರಾತ್ರಿ ಮೈನಸ್ 20ರ ಆಸುಪಾಸಿಗೆ ಇಳಿಯುತ್ತದೆ. ಟಿಟಿಯನ್ನು, ಅಂದರೆ ಟೆಂಪೋ ಟ್ರಾವೆಲರ್ ವ್ಯಾನನ್ನು, ಮನೆ ಮಾಡಿಕೊಂಡು ಉತ್ತರಕ್ಕೆ ಹೊರಟ ನಮ್ಮ ಕಡೆಯವರಿಗೆ ಇಲ್ಲೇ ತೊಡಕು. ಗಾಡಿಯನ್ನು ಬಿಸಿಲಿಗೆ, ಮಳೆಗೆ, ಸೊಳ್ಳೆಗೆ ಹೇಗೆ ಸಜ್ಜು ಮಾಡಬೇಕೆಂಬುದು ನಮಗೆ ಗೊತ್ತು. ಚಳಿಗೆ ಸಜ್ಜು ಮಾಡಿದವರು ಊರಲ್ಲಿ ಸಿಗುವುದಿಲ್ಲ.

ಹಾಗಾಗಿ ಎಲ್ಲರ ಮೊದಲ ಪ್ರಶ್ನೆ, “ಯಾವ ಹೀಟರ್ ಹಾಕಿಸಲಿ?” ನನ್ನನ್ನು ಕೇಳಿದರೆ ಅದು ನಾಲ್ಕನೆಯ ಪ್ರಶ್ನೆ. ಮೊದಲು ಗಾಜು ಮತ್ತು ತಗಡು, ಆಮೇಲೆ ತೇವ, ಆಮೇಲೆ ಹಾಸಿಗೆ. ಈ ಮೂರನ್ನು ಸರಿ ಮಾಡಿಕೊಂಡವರಿಗೆ ಸಣ್ಣ ಹೀಟರ್ ಸಾಕು. ಮಾಡಿಕೊಳ್ಳದವರಿಗೆ ಎಷ್ಟು ದೊಡ್ಡದೂ ಸಾಲದು. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲು, ಎಷ್ಟು ಚಳಿಗೆ ಹೋಗುತ್ತಿದ್ದೀರಿ?

ಹಿಮಾಚಲದ ಚಳಿ ಎಲ್ಲ ಕಡೆ ಒಂದೇ ಅಲ್ಲ. ಶಿಮ್ಲಾ, ಪಾಲಂಪುರದ ಕಡೆ ರಾತ್ರಿ ಸಾಮಾನ್ಯವಾಗಿ ಸೊನ್ನೆಯ ಆಚೀಚೆ ಇರುತ್ತದೆ. ಒಳ್ಳೆಯ ರಜಾಯಿ ಇದ್ದರೆ ಹೀಟರ್ ಇಲ್ಲದೆಯೂ ಕಳೆಯಬಹುದು. ಮನಾಲಿಯ ಮೇಲಿನ ಹಳ್ಳಿಗಳು, ಕಿನ್ನೌರಿನ ಕಲ್ಪಾ ಮತ್ತು 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ತಲುಪಬಹುದಾದ ಲಾಹೌಲಿನ ಸಿಸ್ಸು, ಇವೆಲ್ಲ ಎರಡನೆಯ ಮೆಟ್ಟಿಲು. ಇಲ್ಲಿ ನೀರು ಹೆಪ್ಪುಗಟ್ಟುತ್ತದೆ, ಹೀಟರ್ ಬೇಕೇ ಬೇಕು. ಕಾಜಾ ಮೂರನೆಯದು. ಕುಂಜುಂ ಕಣಿವೆದಾರಿ ಹಿಮದಲ್ಲಿ ಮುಚ್ಚುವುದರಿಂದ ಚಳಿಗಾಲದಲ್ಲಿ ಅಲ್ಲಿಗೆ ಶಿಮ್ಲಾ–ಕಿನ್ನೌರ್ ಮಾರ್ಗವೊಂದೇ, ಅದೂ ಹಿಮಪಾತವಾದಾಗ ದಿನಗಟ್ಟಲೆ ಕಟ್ಟಿಕೊಳ್ಳಬಹುದು. ಮೊದಲ ಚಳಿಗಾಲಕ್ಕೇ ಅಲ್ಲಿಗೆ ನುಗ್ಗಬೇಡಿ. ಎರಡನೆಯ ಮೆಟ್ಟಿಲಿನಲ್ಲಿ ಒಂದಷ್ಟು ವಾರ ಇದ್ದರೆ ನಿಮ್ಮ ಗಾಡಿಯ ಎಲ್ಲ ದೌರ್ಬಲ್ಯಗಳೂ ತಾವಾಗಿಯೇ ಹೊರಬರುತ್ತವೆ. ಅವನ್ನು ಸರಿಪಡಿಸುವ ಅಂಗಡಿಗಳೂ ಅಲ್ಲಿ ಹತ್ತಿರ ಇರುತ್ತವೆ.

ಗಾಜು ಮತ್ತು ತಗಡು

ಒಂದು ಒರಟು ಲೆಕ್ಕ ಹಾಕೋಣ. ಟಿಟಿಯ ಗೋಡೆ, ಚಾವಣಿ, ನೆಲ ಎಲ್ಲ ಸೇರಿ ಸುಮಾರು 40 ಚದರ ಮೀಟರ್ ಎಂದಿಟ್ಟುಕೊಳ್ಳಿ. ಹೊರಗೆ ಮೈನಸ್ 15, ಒಳಗೆ 15 ಡಿಗ್ರಿ ಬೇಕು. ಬರೀ ತಗಡಿನ ಗಾಡಿಯಾದರೆ ಈ 30 ಡಿಗ್ರಿ ಅಂತರ ಉಳಿಸಿಕೊಳ್ಳಲು 6 ಕಿಲೋವ್ಯಾಟ್ ಶಾಖ ಬೇಕು. ಬಚ್ಚಲುಮನೆಯ ಮೂರು ಗೀಸರ್‌ಗಳನ್ನು ರಾತ್ರಿಯಿಡೀ ಉರಿಸಿದ ಹಾಗೆ. ತಗಡಿನ ಒಳಮೈಗೆಲ್ಲ 25 ಮಿಲಿಮೀಟರ್ ಫೋಮ್ ಹಾಕಿದರೆ ಗೋಡೆ, ಚಾವಣಿ, ನೆಲದಿಂದ ಸೋರುವುದು ಒಂದೂಕಾಲು ಕಿಲೋವ್ಯಾಟಿಗೆ ಇಳಿಯುತ್ತದೆ. ಆದರೆ ಸುತ್ತಲ ಕಿಟಕಿಗಳ ಗಾಜು 6 ಚದರ ಮೀಟರ್ ಇದ್ದರೂ ಅದೊಂದರಿಂದಲೇ ಇನ್ನೊಂದು ಕಿಲೋವ್ಯಾಟ್ ಹೊರಗೆ ಹೋಗುತ್ತಿರುತ್ತದೆ. ಇಡೀ ಗಾಡಿಯ ಏಳನೇ ಒಂದು ಭಾಗದಷ್ಟಿರುವ ಗಾಜು ಉಳಿದೆಲ್ಲದಕ್ಕೆ ಸರಿಸಮನಾಗಿ ಶಾಖ ಕಳೆಯುತ್ತದೆ.

ಆದ್ದರಿಂದ ಇನ್ನೂ ಗಾಡಿ ಕೊಂಡಿಲ್ಲದವರು ಪ್ರಯಾಣಿಕರ ಟಿಟಿಯ ಬದಲು ಕಿಟಕಿಗಳಿಲ್ಲದ ಡೆಲಿವರಿ ವ್ಯಾನ್ ನೋಡಿ. ಸರಕು ಗಾಡಿಯನ್ನು ವಾಸದ ಗಾಡಿಯಾಗಿ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಬದಲಾವಣೆ ನಮೂದಾಗಬೇಕು. ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ಕಿಟಕಿಯ ಟಿಟಿ ಇದ್ದವರು ಅರ್ಧ ಕಿಟಕಿಗಳನ್ನಾದರೂ ಒಳಗಿನಿಂದ ಫೋಮ್ ಮತ್ತು ಪ್ಲೈವುಡ್ ಹಾಕಿ ಶಾಶ್ವತವಾಗಿ ಮುಚ್ಚಿಬಿಡಿ. ಹಿಮಾಲಯ ನೋಡಲು ಬಾಗಿಲು ತೆರೆದರೆ ಸಾಕು.

ಉಳಿದ ಕಿಟಕಿಗಳಿಗೆ ರಾತ್ರಿಯ ಹೊದಿಕೆ ಹೀಗೆ ಮಾಡಿ. ಹಳೆಯ ರಟ್ಟನ್ನು ಗಾಜಿನ ಚೌಕಟ್ಟಿಗೆ ಒತ್ತಿ ಅಳತೆ ತೆಗೆಯಿರಿ. 20 ಮಿಲಿಮೀಟರ್ ದಪ್ಪದ ಮುಚ್ಚಿದ ರಂಧ್ರಗಳ ಫೋಮ್ ಹಾಳೆಯನ್ನು, ದಪ್ಪ ಯೋಗಾ ಮ್ಯಾಟ್ ಎರಡು ಪದರವಾದರೂ ಆದೀತು, ಆ ಅಳತೆಗಿಂತ ನಾಲ್ಕೈದು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. ಚೌಕಟ್ಟಿನೊಳಗೆ ಬಿಗಿಯಾಗಿ ಒತ್ತಿ ಕೂರಬೇಕು. ಆಯಸ್ಕಾಂತ, ವೆಲ್ಕ್ರೋ ಏನೂ ಬೇಡ. ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಉಳಿದರೂ ಒಳಗಿನ ತೇವದ ಗಾಳಿ ಹಿಂದಕ್ಕೆ ಹೋಗಿ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಸರಿಯಾಗಿ ಕೂತರೆ ಗಾಜಿನಿಂದ ಹೋಗುವ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಇಡೀ ಬರಹದಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವ ಕೆಲಸ ಇದೇ.

ತಗಡಿಗೆ ಏನು ಹಚ್ಚಬೇಕು ಎಂಬ ಬಗ್ಗೆ ಬಡಗಿಗಳೂ ಎಸಿ ಮೆಕ್ಯಾನಿಕ್‌ಗಳೂ ಬೇರೆಬೇರೆ ಹೇಳುತ್ತಾರೆ. ಎಸಿ ಡಕ್ಟ್‌ಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ ನನ್ನ ಆಯ್ಕೆ. ಬಾಗಿದ ತಗಡಿಗೆ ಅಂಟಿಕೊಳ್ಳುತ್ತದೆ, ಹಿಂದೆ ಗಾಳಿಗೆ ಜಾಗ ಬಿಡುವುದಿಲ್ಲ, ನೀರು ಹೀರುವುದಿಲ್ಲ. ಸಮತಟ್ಟಾದ ನೆಲಕ್ಕೆ ಥರ್ಮಾಕೋಲಿನದೇ ಜಾತಿಯ ಗಟ್ಟಿ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ 12 ಮಿಲಿಮೀಟರ್ ಪ್ಲೈವುಡ್. ಥರ್ಮಾಕೋಲ್ ಅಗ್ಗ ನಿಜ, ಆದರೆ ಪುಡಿಯಾಗುತ್ತದೆ, ಗಾಡಿ ಓಡುವಾಗ ಕಿರುಗುಟ್ಟುತ್ತದೆ, ಕಿಡಿ ತಾಗಿದರೆ ಕರಗುತ್ತಾ ಉರಿಯುತ್ತದೆ. ಚಪ್ಪಲಿ ಅಂಗಡಿಯ ಹಳದಿ ಅಂಟು ಹಚ್ಚಿದರೆ ಥರ್ಮಾಕೋಲ್ ಮಾತ್ರವಲ್ಲ, ಎಕ್ಸ್‌ಪಿಎಸ್ ಕೂಡ ಕರಗಿಹೋಗುತ್ತದೆ. ಗ್ಲಾಸ್‌ವೂಲ್ ಬೇಡ, ತೇವ ಒಳಹೊಕ್ಕು ತಗಡಿಗೆ ಅಂಟಿ ಕೂತರೆ ತುಕ್ಕು ಕಣ್ಣಿಗೆ ಬೀಳುವುದು ರಂಧ್ರವಾದ ಮೇಲೇ. ಬೆಳ್ಳಿಯಂತೆ ಹೊಳೆಯುವ ಗುಳ್ಳೆ ಹಾಳೆ ಅದರ ಮುಂದೆ ಗಾಳಿಯ ಜಾಗ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ತಗಡಿಗೆ ಅಂಟಿಸಿ ಮೇಲೆ ಪ್ಲೈವುಡ್ ಹೊಡೆದರೆ ಅದು ಬರೀ ತೆಳು ಪ್ಲಾಸ್ಟಿಕ್.

ಬಾಡಿಯ ಉಕ್ಕಿನ ಪಟ್ಟಿಗಳನ್ನು ಮರೆಯಬೇಡಿ. ನಡುವೆ ಎಷ್ಟೇ ಫೋಮ್ ತುಂಬಿದರೂ ಪಟ್ಟಿ ಬರಿದಾಗಿದ್ದರೆ ಚಳಿ ಅದರ ಮೂಲಕವೇ ಒಳಗೆ ಬರುತ್ತದೆ, ನೀರು ಅಲ್ಲೇ ಕೂರುತ್ತದೆ. 6 ಮಿಲಿಮೀಟರ್ ರಬ್ಬರ್ ಪಟ್ಟಿ ಸುತ್ತಿದರೂ ಸಾಕು.

ಇನ್ನು ಡ್ರೈವರ್ ಕ್ಯಾಬಿನ್. ಮುಂದಿನ ದೊಡ್ಡ ಗಾಜು, ಎರಡು ಬಾಗಿಲು, ಪೆಡಲ್‌ಗಳ ಸಂದಿ, ಎಲ್ಲ ಸೇರಿ ಗಾಡಿಯ ಅತಿ ತಣ್ಣನೆಯ ಭಾಗ. ಅದನ್ನು ಬೆಚ್ಚಗಿಡಲು ಹೋಗಬೇಡಿ, ಬೇರ್ಪಡಿಸಿಬಿಡಿ. ಸೀಟುಗಳ ಹಿಂದೆ ಚಾವಣಿಯಿಂದ ನೆಲದವರೆಗೆ, ನೆಲದಲ್ಲಿ ಒಂದು ಗೇಣು ಹರಡುವಂತೆ, ದಪ್ಪ ಪರದೆ ಕಟ್ಟಿ. ಇದಕ್ಕೆ ಚಳ್ಳಕೆರೆಯ ಕುರಿ ಕಂಬಳಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಮೈಗೆ ಚುಚ್ಚುತ್ತದೆಂದು ಹೊದೆಯಲು ಹಿಂಜರಿಯುವ ಆ ಒರಟು ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡೂ ಒದ್ದೆ ಅನ್ನಿಸುವುದಿಲ್ಲ. ಎರಡು ಕಂಬಳಿ ಸೇರಿಸಿ ಹೊಲಿಸಿದರೆ ಪರದೆ ಸಿದ್ಧ.

ತೇವ: ಚಳಿಗಿಂತ ಹಟಮಾರಿ

ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರು ಸೇರಿ ಅರ್ಧ ಲೀಟರಿಗೂ ಮಿಕ್ಕಿ ನೀರು ಗಾಡಿಯ ಗಾಳಿಗೆ ಸೇರುತ್ತದೆ. ಅಡುಗೆ ಅನಿಲ ಉರಿದಾಗ ಹುಟ್ಟುವ ನೀರು ಬೇರೆ: ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ. ಅದೆಲ್ಲ ಹೋಗಿ ಕೂರುವುದು ತಣ್ಣನೆಯ ಗಾಜಿನ ಮೇಲೆ, ಬೋಲ್ಟುಗಳ ತಲೆಯ ಮೇಲೆ, ಹಾಸಿಗೆಯ ಕೆಳಗೆ. ಹೊದಿಕೆ ಒದ್ದೆಯಾದ ಮೇಲೆ ಹೀಟರ್ ಎಷ್ಟು ಉರಿದರೂ ಮೈ ಬೆಚ್ಚಗಾಗುವುದಿಲ್ಲ.

ಇದಕ್ಕೆ ಮದ್ದು ಒಂದೇ, ಗಾಳಿ ಆಡಲು ಬಿಡುವುದು. “ಮೈನಸ್ 15ರಲ್ಲಿ ಕಿಂಡಿ ತೆರೆದಿಡುವುದೇ?” ಎಂದು ಎಲ್ಲರೂ ಕಣ್ಣರಳಿಸುತ್ತಾರೆ. ತೆರೆದಿಡಿ. ಮೈನಸ್ 15ರ ಗಾಳಿ ಒಂದು ಘನ ಮೀಟರಿಗೆ ಒಂದೂವರೆ ಗ್ರಾಂ ನೀರನ್ನೂ ಹಿಡಿಯಲಾರದು. ಅದೇ ಗಾಳಿ ಒಳಗೆ ಬಂದು 18 ಡಿಗ್ರಿಗೆ ಬಿಸಿಯಾದರೆ 15 ಗ್ರಾಂ ಹಿಡಿಯಬಲ್ಲದು. ಹೊರಗಿನ ಚಳಿಗಾಳಿ ವಾಸ್ತವದಲ್ಲಿ ಒಣಗಾಳಿ. ಗಂಟೆಗೆ 20 ಘನ ಮೀಟರ್ ಗಾಳಿ ಬದಲಾದರೆ ಉಸಿರಿನ ತೇವವೆಲ್ಲ ಹೊರಹೋಗುತ್ತದೆ, ಅದನ್ನು ಬೆಚ್ಚಗೆ ಮಾಡಲು ಬೇಕಾಗುವುದು ಸುಮಾರು 200 ವ್ಯಾಟ್. ಮುಚ್ಚದೆ ಬಿಟ್ಟ ಕಿಟಕಿಗಳ ಗಾಜು ಕಳೆಯುವುದರ ಐದನೇ ಒಂದು ಭಾಗ.

ಚಾವಣಿಯ ಕಿಂಡಿಯನ್ನು ಎರಡು ಬೆರಳಷ್ಟು, ಕೆಳಗೆ ಇನ್ನೊಂದು ಸಣ್ಣ ಕಿಂಡಿಯನ್ನು ಸದಾ ತೆರೆದಿಡಿ. ಕೆಳಗಿನಿಂದ ಬಂದ ಗಾಳಿ ಬಿಸಿಯಾಗಿ ಮೇಲಿನಿಂದ ತಾನಾಗಿ ಹೋಗುತ್ತದೆ. ಅಡುಗೆ ಮಾಡುವಾಗ ಫ್ಯಾನ್ ಹಾಕಿ. ಕಾಜಾದ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಗಾಡಿ ತುಂಬ ಹಬೆ ಮಾತ್ರ ತುಂಬುತ್ತದೆ. ಕುಕ್ಕರ್ ಇಲ್ಲದೆ ಹೋಗಬೇಡಿ. ಸೀಟಿ ಹೊಡೆಸುವ ಹೊತ್ತಿಗೆ ಅದನ್ನು ಕಿಂಡಿಯ ಕೆಳಗೇ ಇಡಿ. ಒದ್ದೆ ಬಟ್ಟೆಯನ್ನು ಒಳಗೆ ಒಣಗಹಾಕುವುದು ಬೇಡ. ಹಿಮ ಹತ್ತಿದ ಬೂಟು, ಜಾಕೆಟ್ಟುಗಳಿಗೆ ಪರದೆಯಾಚೆಯ ಕ್ಯಾಬಿನ್ನೇ ಜಾಗ.

ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಹೊದಿಕೆ ತೆಗೆದು, ಗಾಜನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಹೊರಗೆ ಹಿಂಡಿ. ಆಮೇಲೆ ಎರಡು ನಿಮಿಷ ಬಾಗಿಲು ಪೂರ್ತಿ ತೆರೆದಿಡಿ. ಗಾಳಿ ತಣ್ಣಗಾದರೂ ಮರ, ಹಾಸಿಗೆಗಳಲ್ಲಿರುವ ಶಾಖ ಉಳಿದಿರುತ್ತದೆ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಬೆಚ್ಚಗಾಗುತ್ತದೆ. ಸೋಮಾರಿತನದಿಂದ ತಪ್ಪಿಸಿಕೊಳ್ಳಬೇಕು ಅನ್ನಿಸುವ ಕೆಲಸ ಇದು. ಎರಡು ದಿನ ತಪ್ಪಿಸಿದರೆ ಹಾಸಿಗೆಯ ಮೂಲೆಯಲ್ಲಿ ಬೂಷ್ಟು ಶುರು.

ಹಾಸಿಗೆ

ಇಡೀ ಗಾಡಿಯನ್ನು ಬಿಸಿ ಮಾಡುವುದಕ್ಕಿಂತ ಹಾಸಿಗೆಯಷ್ಟನ್ನು ಬೆಚ್ಚಗಿಡುವುದು ಸುಲಭ. ಒಳಗೆ 5 ಡಿಗ್ರಿ ಇದ್ದರೂ ಹಾಸಿಗೆ ಸರಿಯಿದ್ದರೆ ನಿದ್ದೆ ಬರುತ್ತದೆ.

ಮೈಯ ಭಾರಕ್ಕೆ ಕೆಳಗಿನ ಹತ್ತಿ ಚಪ್ಪಟೆಯಾಗುವುದರಿಂದ ಚಳಿ ಹೆಚ್ಚಾಗಿ ಬರುವುದು ಕೆಳಗಿನಿಂದ. ಮೇಲೆ ಮೂರು ರಜಾಯಿ ಹೊದ್ದು ಕೆಳಗೆ ತೆಳು ಹಾಸಿಗೆ ಹಾಕಿಕೊಂಡವರು ರಾತ್ರಿಯಿಡೀ ಮಗ್ಗುಲು ಬದಲಿಸುತ್ತಿರುತ್ತಾರೆ. ಮಂಚಕ್ಕೆ ಪೂರ್ತಿ ಪ್ಲೈವುಡ್ ಬದಲು ಸಂದಿ ಬಿಟ್ಟ ಮರದ ಪಟ್ಟಿಗಳನ್ನು ಹೊಡೆಯಿರಿ, ಕೆಳಗೆ ಗಾಳಿ ಆಡಲಿ. ಅದರ ಮೇಲೆ ಫೋಮ್ ಹಾಸಿಗೆ, ಮೇಲೆ ಉಣ್ಣೆ ಕಂಬಳಿ, ಆಮೇಲೆ ನೀವು. ಹಗಲಲ್ಲಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವವರು ಚೀಟಿಯಲ್ಲಿರುವ ಮೂರು ಅಂಕಿಗಳಲ್ಲಿ ‘ಕಂಫರ್ಟ್’ ಎಂಬುದನ್ನು ಮಾತ್ರ ನೋಡಿ. ‘ಎಕ್ಸ್‌ಟ್ರೀಮ್’ ಎಂದು ದೊಡ್ಡಕ್ಷರದಲ್ಲಿ ಬರೆದಿರುವ ಮೈನಸ್ ಸಂಖ್ಯೆ ಜೀವ ಉಳಿಯುವ ಮಿತಿ, ನಿದ್ದೆ ಮಾಡುವ ಮಿತಿಯಲ್ಲ. ಹೀಟರ್ ನಿಂತರೂ ರಾತ್ರಿ ಕಳೆಯುವಷ್ಟು ಹೊದಿಕೆ ಗಾಡಿಯಲ್ಲಿರಬೇಕು. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಮಲಗುವ ಮುನ್ನ ಇಷ್ಟು ಮಾಡಿ. ಹಗಲು ತೊಟ್ಟ ಬಟ್ಟೆ, ಮುಖ್ಯವಾಗಿ ಕಾಲುಚೀಲ, ಬದಲಿಸಿ. ಒಣಗಿದೆ ಅನ್ನಿಸಿದರೂ ಬೆವರಿನ ತೇವ ಇರುತ್ತದೆ. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು, ಉಣ್ಣೆ ಅಥವಾ ಥರ್ಮಲ್ ಆಗಿರಲಿ. ತಲೆಗೆ ಕುಲಾವಿ. ಮುಖವನ್ನು ಮಾತ್ರ ಹೊದಿಕೆಯ ಹೊರಗಿಡಿ, ಉಸಿರು ಒಳಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಎದೆಯ ಮೇಲೆಲ್ಲ ಒದ್ದೆ. ಒಂದೂವರೆ ಲೀಟರಿನ ರಬ್ಬರ್ ಚೀಲಕ್ಕೆ 70 ಡಿಗ್ರಿಯ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಕಾಲ ಹತ್ತಿರ ಇಡಿ. ಅದು ಆರುವಷ್ಟರಲ್ಲಿ 60 ವ್ಯಾಟ್‌ಗಂಟೆಯಷ್ಟು ಶಾಖವನ್ನು ನೇರ ಮೈಗೆ ಕೊಡುತ್ತದೆ, ಬ್ಯಾಟರಿಯ ಹಂಗಿಲ್ಲದೆ. ಊಟದಲ್ಲಿ ತುಪ್ಪ ಧಾರಾಳವಾಗಿರಲಿ. ಹುರುಳಿ ಸಾರಿಗೂ ಮುದ್ದೆಗೂ ಈ ಚಳಿಯಲ್ಲಿ ಬರುವ ರುಚಿ ಊರಲ್ಲಿ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮದ್ಯ ಬೇಡ, ಚರ್ಮದ ರಕ್ತನಾಳಗಳು ಅಗಲವಾಗಿ ಬೆಚ್ಚಗಾದ ಭ್ರಮೆ ಹುಟ್ಟುತ್ತದೆ, ಮೈಯ ಶಾಖ ಮಾತ್ರ ಹೊರಗೆ ಹೋಗುತ್ತದೆ. ಎತ್ತರದ ಜಾಗದಲ್ಲಿ ಅದರ ತೊಂದರೆ ಇನ್ನೂ ಹೆಚ್ಚು.

ಈಗ ಹೀಟರ್

ವಿದ್ಯುತ್ ಹೀಟರ್ ಆಸೆ ಬಿಡಿ. 12 ವೋಲ್ಟ್, 100 ಆಂಪಿಯರ್‌ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್, ಸಾವಿರ ವ್ಯಾಟಿನ ರೂಂ ಹೀಟರ್ ಅದನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸುತ್ತದೆ. ಗಾಡಿಗೆ ಸರಿಯಾದದ್ದು ಡೀಸೆಲ್ ಏರ್ ಹೀಟರ್. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ತೆಗೆದುಕೊಂಡು, ಹೊಗೆಯನ್ನು ಹೊರಗೇ ಬಿಟ್ಟು, ಒಳಗಿನ ಗಾಳಿಯನ್ನು ಬೇರೆ ದಾರಿಯಲ್ಲಿ ಬಿಸಿ ಮಾಡುತ್ತದೆ. ಹಾಗಾಗಿ ಶಾಖ ಒಣಶಾಖ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೇಷರ್ ಹಳೆಯ ಹೆಸರುಗಳು. ಚೀನಾದ ಅಗ್ಗದ ನಕಲುಗಳೂ ಬೇಕಾದಷ್ಟಿವೆ.

ಮೇಲಿನ ಲೆಕ್ಕದಂತೆ ಫೋಮ್, ಕಿಟಕಿ ಹೊದಿಕೆ ಎರಡೂ ಸರಿಯಿದ್ದರೆ ಮೈನಸ್ 15ಕ್ಕೂ 2 ಕಿಲೋವ್ಯಾಟ್ ಹೀಟರ್ ಸಾಕು. “ಇರಲಿ, 5 ಕಿಲೋವ್ಯಾಟೇ ಹಾಕು” ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ದೊಡ್ಡ ಹೀಟರ್ ಸದಾ ಸಣ್ಣ ಉರಿಯಲ್ಲಿ ಓಡುತ್ತದೆ, ಸಣ್ಣ ಉರಿಯಲ್ಲಿ ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. 2 ಕಿಲೋವ್ಯಾಟಿನದು ಗಂಟೆಗೆ ಸುಮಾರು 0.12ರಿಂದ 0.24 ಲೀಟರ್ ಕುಡಿಯುತ್ತದೆ, ಅಂದರೆ ರಾತ್ರಿಗೆ ಒಂದರಿಂದ ಎರಡು ಲೀಟರ್. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್‌ಗೆ 8–10 ಆಂಪಿಯರ್ ಬೇಕು, ಆಮೇಲೆ ಒಂದೆರಡು ಆಂಪಿಯರ್. ಬ್ಯಾಟರಿಯಿಂದ ಹೀಟರ್‌ವರೆಗಿನ ತಂತಿ ತೆಳುವಾಗಿದ್ದರೆ ಆ ಮೊದಲ ನಿಮಿಷಗಳಲ್ಲೇ ವೋಲ್ಟೇಜ್ ಬಿದ್ದು ಹೀಟರ್ ಎರರ್ ತೋರಿಸಿ ನಿಲ್ಲುತ್ತದೆ. ಹೀಟರ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ತಂತಿ ನೋಡಿ.

ಕೂರಿಸುವಾಗ ಗಮನಿಸಬೇಕಾದ್ದು:

1. ಹೊಗೆಕೊಳವೆ, ಉರಿಯಲು ಗಾಳಿ ಎಳೆದುಕೊಳ್ಳುವ ಕೊಳವೆ ಎರಡೂ ನೆಲದ ಕೆಳಗೆ, ಒಂದರಿಂದೊಂದು ದೂರ. ಹೊಗೆಯ ಬಾಯಿ ಗಾಡಿಯ ಅಂಚಿನವರೆಗೆ ಬರಲಿ. ಬಾಗಿಲು, ಕಿಂಡಿಗಳ ಕೆಳಗೆ ಬೇಡ.
2. ಹೀಟರ್ ಮತ್ತು ನೆಲದ ನಡುವಿನ ಗ್ಯಾಸ್ಕೆಟ್ ಪೂರ್ತಿ ಕೂತಿದೆಯೇ ನೋಡಿ. ಹೊಗೆ ಒಳಗೆ ಬರುವ ದಾರಿ ಅದೇ.
3. ಡೀಸೆಲ್ ಪಂಪ್ ಅಡ್ಡ ಮಲಗಿರಬಾರದು. ಹೊರಬಾಯಿ ಮೇಲಕ್ಕೆ ಓರೆಯಾಗಿರಲಿ, ಗಾಳಿಗುಳ್ಳೆ ನಿಲ್ಲುವುದಿಲ್ಲ. ಚೀನೀ ಕಿಟ್‌ನ ಹಸಿರು ಮೆತ್ತನೆ ಟ್ಯೂಬ್ ಬದಲು ತೆಳು ಕೊರೆಯ ಗಟ್ಟಿ ನೈಲಾನ್ ಟ್ಯೂಬ್ ಹಾಕಿಸಿ.
4. ಎತ್ತರಕ್ಕೆ ಹೊಂದಿಸುವ ಸೌಲಭ್ಯ ಇರುವ ಮಾದರಿಯನ್ನೇ ಆರಿಸಿ. ಕಾಜಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಅಲ್ಲಿ ಡೀಸೆಲ್ ಪ್ರಮಾಣ ಇಳಿಸದಿದ್ದರೆ ಕಪ್ಪು ಹೊಗೆ, ಮಸಿ, ಕೊನೆಗೆ ನಿಂತುಹೋಗುವುದು.

ಬಳಕೆಯಲ್ಲಿ ಎರಡೇ ನಿಯಮ. ದಿನಕ್ಕೊಮ್ಮೆ ಅರ್ಧ ಗಂಟೆ ಪೂರ್ತಿ ಉರಿಯಲ್ಲಿ ಓಡಿಸಿ, ಮಸಿ ಸುಟ್ಟುಹೋಗುತ್ತದೆ. ಆರಿಸುವಾಗ ಅದರ ಸ್ವಿಚ್‌ನಿಂದಲೇ ಆರಿಸಿ. ಒಳಗಿನ ಲೋಹ ತಣ್ಣಗಾಗುವವರೆಗೆ ಕೆಲವು ನಿಮಿಷ ಫ್ಯಾನ್ ತಿರುಗಬೇಕು. ಮೇನ್ ಕರೆಂಟನ್ನೇ ತೆಗೆದರೆ ಒಳಗೆ ಸುಟ್ಟುಹೋದೀತು.

ಕೆಂಡ, ಗ್ಯಾಸ್, ಇಂಜಿನ್: ಮೂರೂ ಬೇಡ

ಸ್ಪಿತಿಯ ಮನೆಗಳಲ್ಲಿ ಹೊಗೆಕೊಳವೆಯಿರುವ ಬುಖಾರಿ ಒಲೆ, ಕಾಶ್ಮೀರದಲ್ಲಿ ಕಾಂಗ್ರಿ ಎಂಬ ಕೆಂಡದ ಮಡಕೆ, ಉತ್ತರ ಭಾರತದ ಬಯಲಿನಲ್ಲಿ ಅಂಗೀಠಿ ಎಂಬ ಕೆಂಡದ ಒಲೆ. ಇವನ್ನು ನೋಡಿ ಗಾಡಿಯೊಳಗೂ ಕೆಂಡದ ಅಗ್ಗಿಷ್ಟಿಕೆ ಇಡುವ ಯೋಚನೆ ಬರುವುದು ಸಹಜ. ಪ್ರತಿ ಚಳಿಗಾಲವೂ ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಏಳದಿರುವ ಸುದ್ದಿ ಬರುತ್ತದೆ. ಗಾಡಿ ಆ ಕೋಣೆಗಿಂತಲೂ ಸಣ್ಣದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಕೆಂಡ ಮಾತ್ರವಲ್ಲ, ಅಡುಗೆ ಸ್ಟವ್ವನ್ನು ಚಳಿ ಕಾಯಿಸಲು ಉರಿಸುವುದು, ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್, ಇಂಜಿನ್ ಓಡಿಸಿಟ್ಟು ಮಲಗುವುದು ಎಲ್ಲವೂ ಇದೇ ಅಪಾಯ. ಹಿಮ ಬಿದ್ದು ಸೈಲೆನ್ಸರಿನ ಬಾಯಿ ಮುಚ್ಚಿದರಂತೂ ಹೊಗೆ ನೇರ ನೆಲದಡಿಯಿಂದ ಒಳಗೆ.

ಡೀಸೆಲ್ ಹೀಟರ್ ಇದ್ದವರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಲೇಬೇಕು. ಮಲಗಿದಾಗ ತಲೆ ಇರುವ ಎತ್ತರದಲ್ಲಿ, ಕಿಂಡಿಯಿಂದ ದೂರದಲ್ಲಿ ಹಾಕಿ, ವಾರಕ್ಕೊಮ್ಮೆ ಪರೀಕ್ಷೆಯ ಗುಂಡಿ ಒತ್ತಿ. ಯುರೋಪಿನ ಮಾನದಂಡದ ಅಲಾರಂಗಳು 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 300 ಭಾಗ ಅನಿಲ) ಮುಟ್ಟಿದರೆ ಮೂರು ನಿಮಿಷದೊಳಗೆ ಕೂಗುತ್ತವೆ, 50 ಪಿಪಿಎಂಗೆ ಒಂದರಿಂದ ಒಂದೂವರೆ ಗಂಟೆ ತೆಗೆದುಕೊಳ್ಳುತ್ತವೆ.

ಇದರಲ್ಲಿ ಹಿಮಾಲಯಕ್ಕೇ ವಿಶೇಷವಾದ ಒಂದು ಗೊಂದಲವಿದೆ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು, ಇವು ವಿಷಾನಿಲದ ಲಕ್ಷಣಗಳು. ಎತ್ತರಕ್ಕೆ ಬಂದವರಿಗೆ ಬರುವ ಕಾಯಿಲೆಯ ಲಕ್ಷಣಗಳೂ ಇವೇ. “ಎತ್ತರಕ್ಕೆ ಬಂದಿದ್ದೇವಲ್ಲ, ಮಲಗಿದರೆ ಸರಿಹೋಗುತ್ತದೆ” ಎಂದು ಮತ್ತೆ ಮಲಗುವುದೇ ಅಪಾಯ. ಗಾಡಿಯೊಳಗೆ ತಲೆನೋವು ಶುರುವಾದರೆ ಮೊದಲು ಹೀಟರ್ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಇಬ್ಬರಿಗೂ ಒಟ್ಟಿಗೆ ಶುರುವಾಗಿದ್ದರೆ ಅನಿಲದ್ದೇ ಎಂದು ತಿಳಿಯಿರಿ. ತೆರೆದ ಗಾಳಿಯಲ್ಲಿ ಹಗುರವಾದರೂ ಆಸ್ಪತ್ರೆಗೆ ಹೋಗಿ, ಹೊಗೆ ಬರುತ್ತಿರುವ ಜಾಗ ಸಿಗುವವರೆಗೆ ಆ ಹೀಟರ್ ಹಚ್ಚಬೇಡಿ. ಹಗುರವಾಗದಿದ್ದರೆ ಎತ್ತರದ ಕಾಯಿಲೆ ಇರಬಹುದು, ಕೆಳಗೆ ಇಳಿಯುವ ಏರ್ಪಾಟು ಮಾಡಿ.

ಡೀಸೆಲ್, ಬ್ಯಾಟರಿ, ನೀರು

ನಮ್ಮ ದೇಶದ ಡೀಸೆಲ್ ಮಾನದಂಡದಲ್ಲಿ, ಚಳಿಗೆ ಮೇಣ ಕಟ್ಟಿ ಫಿಲ್ಟರ್ ಮುಚ್ಚುವ ಉಷ್ಣಾಂಶ ಬೇಸಿಗೆಯ ಡೀಸೆಲ್‌ಗೆ 18 ಡಿಗ್ರಿಯವರೆಗೆ, ಚಳಿಗಾಲದ್ದಕ್ಕೆ 6 ಡಿಗ್ರಿಯವರೆಗೆ ಇರಬಹುದು. ದಕ್ಷಿಣದಲ್ಲಿ ತುಂಬಿಸಿದ ಟ್ಯಾಂಕ್ ಹೊತ್ತು ಮನಾಲಿಗೆ ಹೋಗಬೇಡಿ. ಬಯಲಲ್ಲಿ ಟ್ಯಾಂಕ್ ಖಾಲಿಯಾಗುವ ಹಾಗೆ ಲೆಕ್ಕ ಹಾಕಿ, ಮೇಲೆ ಬಂದ ಮೇಲೆ ಅಲ್ಲಿನ ಪಂಪುಗಳಲ್ಲೇ ತುಂಬಿಸಿ. ಲಡಾಖ್‌ಗಾಗಿ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33ರವರೆಗೂ ಹರಿಯುವ ಡೀಸೆಲ್ ಬಿಡುಗಡೆ ಮಾಡಿತು. ಬೇರೆಡೆ ಲಾರಿ ಚಾಲಕರು ಸೀಮೆಎಣ್ಣೆ ಬೆರೆಸುವುದನ್ನು ನೋಡುತ್ತೀರಿ. ಹಳೆಯ ಇಂಜಿನ್‌ಗಳು ತಡೆದುಕೊಂಡಾವು. ಹೊಸ ಬಿಎಸ್6 ಗಾಡಿಯ ಪಂಪು, ಇಂಜೆಕ್ಟರ್‌ಗಳಿಗೆ ಅದು ಒಳ್ಳೆಯದಲ್ಲ. ಚಳಿಗೆಂದೇ ಮಾಡಿದ ಡೀಸೆಲ್ ಅಡಿಟಿವ್ ಸಿಗುತ್ತದೆ, ಅದನ್ನು ಡೀಸೆಲ್ ಗಟ್ಟಿಯಾಗುವ ಮೊದಲೇ ಹಾಕಬೇಕು. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವ ಚಾಲಕರನ್ನೂ ನೋಡುತ್ತೀರಿ. ನೋಡಿ ಸುಮ್ಮನಿರಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಶಾಶ್ವತವಾಗಿ ಹಾಳಾಗುತ್ತದೆ. ಬ್ಯಾಟರಿ ನೆಲದಡಿ ಬೇಡ, ಒಳಗೆ ಫೋಮ್ ಹಾಕಿದ ಪೆಟ್ಟಿಗೆಯಲ್ಲಿರಲಿ. ಚಳಿಗೆ ಚಾರ್ಜ್ ತಾನಾಗಿ ಕಡಿಯುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇರುವುದನ್ನೇ ಕೊಳ್ಳಿ. ಸೋಲಾರ್ ನಂಬಿ ಕೂರಬೇಡಿ. ಡಿಸೆಂಬರಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ಕ್ಷಿತಿಜದಿಂದ 53 ಡಿಗ್ರಿ ಮೇಲಿದ್ದರೆ ಮನಾಲಿಯಲ್ಲಿ 34 ಡಿಗ್ರಿ, ಅದೂ ಬೆಟ್ಟದ ನೆರಳು ತಪ್ಪಿದರೆ. ಇಂಜಿನ್ ಓಡುವಾಗ ಚಾರ್ಜ್ ಆಗುವ ವ್ಯವಸ್ಥೆ ಇರಲೇಬೇಕು.

ನೀರಿನ ಟ್ಯಾಂಕ್, ಪಂಪ್, ಪೈಪ್ ಎಲ್ಲ ಒಳಗಿರಲಿ. ಹೊರಗಿದ್ದರೆ ಖಾಲಿ ಮಾಡಿ 20 ಲೀಟರಿನ ಕ್ಯಾನ್‌ಗೆ ಬದಲಾಗಿ, ಕ್ಯಾನನ್ನೂ ಪೂರ್ತಿ ತುಂಬಬೇಡಿ. ಗ್ಯಾಸಿನ ವಿಷಯ: ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋದರೆ ಆವಿಯಾಗುವುದಿಲ್ಲ, ಪ್ರೊಪೇನ್ ಮೈನಸ್ 42ರವರೆಗೂ ಆಗುತ್ತದೆ. ನಮ್ಮ ಸಿಲಿಂಡರುಗಳಲ್ಲಿ ಎರಡೂ ಬೆರೆತಿರುವುದರಿಂದ ಚಳಿಯಲ್ಲಿ ಉರಿ ಸೊರಗುತ್ತದೆ. ಸಿಲಿಂಡರಿಗೆ ಬೆಂಕಿಯ ಶಾಖ ಕೊಡುವ ಮಾತೇ ಇಲ್ಲ. ಸಂಜೆಯ ಅಡುಗೆಯನ್ನು ಬಿಸಿಲಿರುವಾಗಲೇ ಮುಗಿಸಿ.

ಗಾಡಿ ನಿಲ್ಲಿಸುವ ಜಾಗ

ಹೊಳೆಯ ದಂಡೆ ನೋಡಲು ಚೆಂದ, ರಾತ್ರಿ ಅತಿ ತಣ್ಣಗಿರುವುದೂ ಅದೇ. ತಂಪುಗಾಳಿ ಭಾರವಾಗಿ ಕೆಳಗೆ ಹರಿದು ಅಲ್ಲೇ ಮಡುಗಟ್ಟುತ್ತದೆ. ಸ್ವಲ್ಪ ಮೇಲಿನ, ಬೆಳಗಿನ ಬಿಸಿಲು ಬೇಗ ಬೀಳುವ ಜಾಗ ಹುಡುಕಿ. ಮೇಲೆ ಹಿಮ ಜಾರುವ ಇಳಿಜಾರಾಗಲಿ, ಕಲ್ಲು ಉರುಳುವ ಗುಡ್ಡವಾಗಲಿ ಇರಬಾರದು. ಊರವರನ್ನು ಕೇಳಿ, “ಭಾಯ್ ಸಾಬ್, ಯಹಾ ರಾತ್ ಕೋ ರುಕ್ ಸಕ್ತೇ ಹೈ?” (ಇಲ್ಲಿ ರಾತ್ರಿ ತಂಗಬಹುದೇ?) ಎಂದರೆ ಸಾಕು, ಇಲ್ಲಿ ಬೇಡ, ಅಲ್ಲಿ ಹೋಗಿ ಎಂದು ಅವರೇ ತೋರಿಸುತ್ತಾರೆ. ಬಾಗಿಲು ಗಾಳಿಗೆ ಬೆನ್ನಾಗಿರಲಿ. ಹ್ಯಾಂಡ್‌ಬ್ರೇಕ್ ಹಿಮಗಟ್ಟಿ ಹಿಡಿದುಕೊಳ್ಳುವುದರಿಂದ ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಮುಂದಿನ ಗಾಜಿನ ಹಿಮಕ್ಕೆ ಕುದಿನೀರು ಸುರಿದರೆ ಗಾಜು ಸೀಳುತ್ತದೆ, ಕೆರೆದೇ ತೆಗೆಯಬೇಕು.

ನಡುರಾತ್ರಿ ಹೀಟರ್ ನಿಂತರೆ

ಮೊದಲು ಬ್ಯಾಟರಿ ವೋಲ್ಟೇಜ್, ಆಮೇಲೆ ಫ್ಯೂಸ್, ಆಮೇಲೆ ಹೊಗೆಯ ಬಾಯಿಗೆ ಹಿಮ ಮುಚ್ಚಿದೆಯೇ ಎಂದು ನೋಡಿ. ಪಂಪಿನ ಟಕ್ ಟಕ್ ಸದ್ದು ಕೇಳಿಸಿದರೂ ಹೊತ್ತದಿದ್ದರೆ ಡೀಸೆಲ್ ಬರುತ್ತಿಲ್ಲ, ಫಿಲ್ಟರಿನಲ್ಲಿ ಮೇಣ ಕಟ್ಟಿರಬಹುದು. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಫಿಲ್ಟರಿಗೆ ಸುತ್ತಿ ನೋಡಿ. ಬಿಡಿ ಗ್ಲೋ ಪ್ಲಗ್, ಅದರ ಜಾಲರಿ, ಫ್ಯೂಸು, ಒಂದು ಫಿಲ್ಟರ್, ಇಷ್ಟನ್ನು ಹೊರಡುವ ಮೊದಲೇ ಡಬ್ಬಿಯಲ್ಲಿ ಹಾಕಿಕೊಂಡಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿಯ ಬಿಡಿಭಾಗ ಹುಡುಕುವ ಹಾಗೆ ಇದನ್ನು ಲಾಹೌಲಿನ ಕೇಲಾಂಗಿನಲ್ಲಿ ಹುಡುಕಲಾಗದು.

ಮೂರು ಸಲ ಹಚ್ಚಲು ನೋಡಿ ಆಗದಿದ್ದರೆ ಬಿಟ್ಟುಬಿಡಿ, ಬ್ಯಾಟರಿ ಉಳಿಯಲಿ. ನೀರು ಕಾಯಿಸಿ ಚೀಲ ತುಂಬಿ, ಸ್ಟವ್ ಆರಿಸಿ, ಇದ್ದ ಹೊದಿಕೆಯೆಲ್ಲ ಹಾಕಿಕೊಂಡು ಒಂದೇ ಹಾಸಿಗೆಯಲ್ಲಿ ಮಲಗಿ. ಯಾರಿಗಾದರೂ ಮಾತು ತೊದಲಿದರೆ, ನಡುಕ ಇದ್ದಕ್ಕಿದ್ದಂತೆ ನಿಂತು ಮಂಕು ಕವಿದರೆ ಅದು ಮೈಯ ಶಾಖ ಅಪಾಯಕ್ಕೆ ಇಳಿದಿರುವ ಸೂಚನೆ. ಆಗ ಬೆಳಗಾಗಲಿ ಎಂದು ಕಾಯಬಾರದು. ಹತ್ತಿರದ ಮನೆಯ ಬಾಗಿಲು ತಟ್ಟಿ, ಬುಖಾರಿ ಉರಿಯುವ ಕೋಣೆಗೆ ಹೋಗಿ, ವೈದ್ಯರ ನೆರವು ಕೇಳಿ. ಸಂಜೆಯೇ ಹವಾಮಾನ ಕೆಟ್ಟಂತೆ ಕಂಡರೆ ಹೋಂಸ್ಟೇ ಕೋಣೆ ಹಿಡಿಯುವುದರಲ್ಲಿ ಸೋಲೇನೂ ಇಲ್ಲ. ಗಾಡಿ ಬಿಟ್ಟು ಹೋಗುವ ಮೊದಲು ಮಾತ್ರ ಟ್ಯಾಂಕ್, ಪಂಪ್, ಪೈಪುಗಳ ನೀರನ್ನೆಲ್ಲ ಬಸಿದು, ನಲ್ಲಿಗಳನ್ನು ತೆರೆದಿಟ್ಟು ಹೋಗಿ.